ಅಮ್ಮನ ಎಲೆಯ ಗಂಜಿ

ಅಮ್ಮ ತೀರಿಹೋಗಿ ವರ್ಷಗಳಾದ ಮೇಲೆ ಅರಬ್ ನಾಡಿನ ಅಲ್ ಐನ್ ಊರಿನ ಒಂದು ಪ್ರಯೋಗಾಲಯದವರು ನನ್ನನ್ನೂ ನನ್ನ ತಮ್ಮ ಸುಶಾಂತನನ್ನೂ ಸನ್ಮಾನಕ್ಕೆ ಕರೆದರು. ಅಮ್ಮನ ಹೊಟ್ಟೆಯ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಬೆಳೆಸಿ ಹೊಸ ಔಷಧಿ ಕಂಡುಹಿಡಿದಿದ್ದರಂತೆ. ಬೆಳೆಸುವ ಮೊದಲು ನಮ್ಮನ್ನು ಒಂದು ಮಾತು ಕೇಳಿರಲಿಲ್ಲ.

ಅಂದು ಅಮ್ಮನಿಗೆ ಚಿಕಿತ್ಸೆ ಕೊಟ್ಟಿದ್ದ, ಈಗ ಆ ಪ್ರಯೋಗಾಲಯದಲ್ಲೇ ಇರುವ ಉಡುಪಿ ಮೂಲದ ಡಾಕ್ಟರ್ ರಿತೇಶರೇ ಗುಲಾಬಿ ದ್ರವದ ಗಾಜಿನ ತಟ್ಟೆ ತೋರಿಸಿದರು.

"ನಿಮ್ಮ ತಾಯಿಯ ಜೀವಕೋಶ ಇನ್ನೂ ಬೆಳೀತಾ ಉಂಟು ಮಾರಾಯ್ರೆ. ಇದು ಅದರ ಊಟ. ಒಂದು ದಿನವೂ ತಪ್ಪಿಸಿದ್ದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಪ್ರತಿ ವರ್ಷ ನಮ್ಮೂರ ಪದ್ಧತಿಯಂತೆ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವಾಗ, ಇದೇ ನಾಡಿನ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅಮ್ಮನ ಎಲೆಗೆ ನಾನು ಮೊದಲು ಹಾಕುವುದು ಗಂಜಿ. ಯಾಕೆಂದು ಇವರಿಗೆ ಗೊತ್ತಿಲ್ಲವೇ?

"ಖಲಾಸ್ ಅಕ್ಕ, ಬಿಡು," ಎಂದು ಸುಶಾಂತ್ ಕೈ ಹಿಡಿದ. ಕೊಡವಿದೆ.

"ಡಾಕ್ಟ್ರೇ, ಅಮ್ಮ ಒಂದು ಚಮಚ ಗಂಜಿಗೆ ಅಂಗಲಾಚಿದಾಗ, 'ಗಡ್ಡೆಯ ತುಂಡು ತೆಗೀಲಿಕ್ಕುಂಟು, ಬಾಯಿಗೆ ಏನೂ ಕೊಡ್ಬೇಡಿ' ಅಂದದ್ದು ನೀವೇ ಅಲ್ವಾ? ಆ ತುಂಡಿಗೆ ಈಗ ದಿನಾ ಊಟ. ನನ್ನಮ್ಮ ಆಮೇಲೆ ಕಣ್ಣೇ ಬಿಡ್ಲಿಲ್ಲ, ಹಸಿದುಕೊಂಡೇ ಸತ್ತದ್ದು!"

ಅವರು ಹೊದಿಸಿದ್ದ ಶಾಲನ್ನು ಆ ತಟ್ಟೆಯ ಪಕ್ಕದಲ್ಲೇ ಬಿಸಾಡಿ ಹೊರಟೆ.