ಖಾಲಿ ಗಂಡು

ಯೀಸ್ಟ್ ತಟ್ಟೆಗಳ ಬೆಚ್ಚನೆಯ ಪೆಟ್ಟಿಗೆಯನ್ನು ಅವಳು ಬೆಳಗಿನಿಂದ ಎಷ್ಟು ಸಲ ತೆರೆದಿದ್ದಳೋ.

"ಮುಚ್ಚಳ ಎತ್ತಿ ಎತ್ತಿ ನೋಡಿದ್ರೆ ಬೇಯೋದು ಬೇಯುತ್ತಾ ತಾಯಿ?" ಎಂದ ಬ್ರೋಕರ್.

ರೋಬೋಟು ನಡೆಸುವವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ಪ್ರೋಟೀನು ಯಾವುದರ ಕೈಹಿಡಿಯುತ್ತದೆಂದು ಪತ್ತೆಮಾಡುವುದೇ ಆ ಪ್ರಯೋಗಾಲಯದ ಕಸುಬು. ಒಂದು ಪ್ರೋಟೀನಿಗೆ ಹೆಣ್ಣೆಂದೂ ಇನ್ನೊಂದಕ್ಕೆ ಗಂಡೆಂದೂ ಅಲ್ಲಿ ಹೆಸರು. ಎರಡನ್ನೂ ಒಂದೇ ಯೀಸ್ಟಿನೊಳಗೆ ಕೂರಿಸಿ ಪೋಷಕಾಂಶವೊಂದನ್ನು ತಪ್ಪಿಸಿದ ಉಪವಾಸದ ತಟ್ಟೆಗೆ ಬಿಡುವುದು. ಜೋಡಿ ಕೂಡಿದರೆ ಯೀಸ್ಟು ಬಿಳಿ ಚುಕ್ಕೆಯಾಗಿ ಬೆಳೆಯುತ್ತದೆ, ಇಲ್ಲವಾದರೆ ಇಲ್ಲ. ಅವನ ರೋಬೋಟು ಒಂದೇ ಏಟಿಗೆ ನೂರಾರು ಸಂಬಂಧ ಕುದುರಿಸಿ ನೋಡುತ್ತಿತ್ತು.

ಅವಳ ಹೆಣ್ಣು ಪ್ರೋಟೀನಿಗೆ ಅರ್ಧ ತಟ್ಟೆಯ ಗಂಡುಗಳೇ ಒಲಿದಿದ್ದವು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹಿಗ್ಗಿ ಹೀರೇಕಾಯಿ. ಮಧ್ಯಾಹ್ನದ ಸಭೆಯಲ್ಲಿ ಅದನ್ನು ಸಾರುವವರಿದ್ದರು. ಸಾರಿದರೆ, ಮುಗಿಯುತ್ತ ಬಂದಿದ್ದ ಅವಳ ಕೆಲಸ ಮುಂದುವರಿಯುವುದು ಖಚಿತ. "ಇನ್ನು ನಿನ್ನ ಹಿಡಿಯೋರಿಲ್ಲ ಬಿಡೇ," ಎಂದು ಅಕ್ಕ ಫೋನಿನಲ್ಲೇ ಕುಣಿದಿದ್ದಳು.

ಆದರೆ ಕಂಡಕಂಡವರಿಗೆಲ್ಲ ಒಲಿಯುವ ಹೆಣ್ಣಿನ ಬಗ್ಗೆ ಅವಳಿಗೇ ಇರಿಸುಮುರಿಸು. ವಾರದ ಮೊದಲಿಗೆ ಕೇಳಿದ್ದಳು: "ಬ್ರೋಕರಣ್ಣ, ಖಾಲಿ ಗಂಡನ್ನ ಯಾವ ಸಾಲಲ್ಲಿ ಇಟ್ರಿ?"

"ಯಾವ ಸಾಲಲ್ಲೂ ಇಲ್ಲ. ಇರೋ ಗಂಡುಗಳೇ ಕ್ಯೂ ನಿಂತಿರುವಾಗ ಇಲ್ಲದವನಿಗೊಂದು ಸೀಟು ಯಾಕೆ? ಆ ಸಾಲಿಗೂ ಬೇರೆಯವರನ್ನ ತುಂಬಿದೆ. ಜಾಗ ಉಳೀತಲ್ಲ!"

ಖಾಲಿ ಗಂಡೆಂದರೆ ಗಂಡು ಪ್ರೋಟೀನನ್ನೇ ಹಾಕದ ಯೀಸ್ಟು, ಸಂಬಂಧ ನಿಜವೋ ಎಂದು ತಾಳೆ ನೋಡಲು. ಗಂಡೇ ಇಲ್ಲದ ಕಡೆ ಚುಕ್ಕೆ ಎದ್ದರೆ, ಹೆಣ್ಣು ಒಂಟಿಯಾಗಿಯೇ ಯೀಸ್ಟನ್ನು ಸಾಕುತ್ತಿದೆ ಎಂದರ್ಥ. ಮಿಕ್ಕ ಸಂಬಂಧಗಳೆಲ್ಲ ಬೊಗಳೆ. ಅವತ್ತೇ ಖಾಲಿ ಗಂಡಿನ ತಟ್ಟೆಯೊಂದನ್ನು ಕೈಯಾರೆ ಹಾಕಿದ್ದಳು. ನಿನ್ನೆ ಅದು ಬೋಳು. ಬೆಳಿಗ್ಗೆಯೂ ಬೋಳೇ, ಅಥವಾ ಅವಳ ಕಣ್ಣಿಗೆ ಹಾಗೆ ಕಂಡರೆ ಸಾಕಾಗಿತ್ತು.

ಈಗ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು, ಸಾಲಾಗಿ.

"ನೀರಿನ ಹನಿ ಇರಬೇಕು," ಎಂದ ಬ್ರೋಕರ್, ತನ್ನ ಮಾತನ್ನು ತಾನೇ ನಂಬದೆ. "ಸಂಜೆ ನೋಡಿದ್ರೆ ಆಗಲ್ವಾ? ಸಭೆ ಮುಗೀಲಿ."

"ನೋಡಿಬಿಟ್ಟೆನಲ್ಲ ಬ್ರೋಕರಣ್ಣ. ಈಗ ಹೇಗೆ ನೋಡದೇ ಇರ್ಲಿ?"

ಅವಳು ತಟ್ಟೆ ಹಿಡಿದು ಹೋದಾಗ ಮೇಡಂ ಕನ್ನಡಕ ಒರೆಸುತ್ತ ಸಭೆಗೆ ಹೊರಟು ನಿಂತಿದ್ದರು. ತಟ್ಟೆ ಕಂಡದ್ದೇ ಮುಖ ಅರಳಿತು. "ಅಬ್ಬಾ, ಇನ್ನೂ ಒಂದಾ! ಯಾರೇ ಈ ಗಂಡು?"

"ಗಂಡೇ ಇಲ್ಲ ಮೇಡಂ."

ಮೇಡಂ ಕುರ್ಚಿ ತಡಕಿ ಕೂತರು. ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಸಭೆಯಲ್ಲಿ ತೋರಿಸಲಿದ್ದ ಪುಟಗಳಲ್ಲಿ ಅವಳ ಹೆಸರಿದ್ದದ್ದನ್ನು ಅಳಿಸಿದರು.

"ನಿನ್ನ ಕೆಲಸದ ವಿಷಯ..." ಎಂದು ಶುರುಮಾಡಿ, ಲ್ಯಾಪ್‌ಟಾಪ್ ಮುಚ್ಚಿದರು.

"ಗೊತ್ತು ಮೇಡಂ," ಎಂದಳು ಅವಳು. "ನೀವು ಹೊರಡಿ, ಕಾಯ್ತಿದಾರೆ."