ಮಗನ ಕಾಲಿನ ಅಳತೆ

ಕೆಲಸ ಹೋಯಿತು, ಮನೆಗೆ ಬರ್ತೀನಿ ಅಂತ ಚಳ್ಳಕೆರೆಯಿಂದ ಮಗನ ಫೋನು ಬಂದ ದಿನವೇ ತಿಪ್ಪಯ್ಯ ಮಗ್ಗದ ಕುಣಿಗೆ ಇಳಿದ. ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆಯಿತ್ತು. ಅದಕ್ಕೆ ಹಳೆ ಪಂಚೆ ಹೊದಿಸಿ, ಕಾಲಲ್ಲಿ ತುಳಿಯುವ ಹಲಗೆಗಳನ್ನು ಬಿಚ್ಚಿಟ್ಟು, ಹಾರೆಯಿಂದ ಕುಣಿಯ ತಳ ಅಗೆದು ಆಳ ಮಾಡತೊಡಗಿದ. ಮೊಳಕಾಲ್ಮೂರಿನ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೇ ನೇಯುವವರು. ಕೂತವನ ಕಾಲಿನ ಅಳತೆಗೆ ಕುಣಿ ಇರಬೇಕು. ಒಬ್ಬನ ಕುಣಿ ಇನ್ನೊಬ್ಬನಿಗೆ ಆಗಿಬರುವುದಿಲ್ಲ. ತಿಪ್ಪಯ್ಯ ಗಿಡ್ಡ ಆಳು. ಮಗ ಚಿರಂಜೀವಿಯೋ ಮನೆಯ ಬಾಗಿಲಲ್ಲಿ ಸೊಂಟ ಬಗ್ಗಿಸಿ ಒಳಗೆ ಬರುವವನು.

ಅಳತೆ ಕೊಡಲು ಮಗ ಇರಲಿಲ್ಲ. ಗೋಡೆಯ ಮೊಳೆಗೆ ಅವನ ಹಳೆ ಟ್ರ್ಯಾಕ್ ಪ್ಯಾಂಟು ನೇತಾಡುತ್ತಿತ್ತು. ಅದನ್ನೇ ನೆಲಕ್ಕೆ ಹಾಸಿ, ಮೊಣಕಾಲು ಸವೆದು ಬೆಳ್ಳಗಾಗಿದ್ದ ಕಡೆಯಿಂದ ಕೆಳಗೆ ದಾರ ಹಿಡಿದ.

"ಅವನನ್ನ ಒಂದು ಮಾತು ಕೇಳಬಾರದಾ?" ಅಂದಳು ಹೆಂಡತಿ ಯರ್ರಮ್ಮ. "ಆಮೇಲೆ ನಿಮ್ಮ ಕಾಲು ಎಟುಕಲ್ಲ."

"ನನ್ನ ಕಾಲು ದುಡಿದಿದ್ದು ಸಾಕು. ನೇಕಾರನ ಮಗ ಮನೆಗೆ ಬಂದ್ರೆ ಮತ್ತೆಲ್ಲಿ ಕೂರ್ತಾನೆ?"

ಚಿರಂಜೀವಿಯ ಎತ್ತರ ನೋಡಿಯೇ ಹೈಸ್ಕೂಲಿನ ಮೇಷ್ಟ್ರು ಅವನನ್ನು ಕ್ರೀಡಾ ಹಾಸ್ಟೆಲಿಗೆ ಕಳಿಸಿದ್ದು. ಬ್ಯಾಸ್ಕೆಟ್‌ಬಾಲ್ ಅನ್ನುವ ಆಟವನ್ನು ಅಲ್ಲಿಯ ತನಕ ಅವನು ಕಂಡೇ ಇರಲಿಲ್ಲ. ಆದರೆ ಬೇಗ ಕಲಿತ. ರಾಜ್ಯದ ತಂಡದಲ್ಲಿ ಆಡಿದ. ಪೇಪರಿನಲ್ಲಿ ಫೋಟೋ ಬಂತು. ಬೆಂಗಳೂರಿನ ಒಂದು ಕಂಪನಿ ವರ್ಷದ ಕರಾರಿನ ಮೇಲೆ ತನ್ನ ತಂಡಕ್ಕೆ ತಗೊಂಡಿತು. ಚೆನ್ನಾಗಿ ಆಡಿದರೆ ಕೆಲಸ ಕಾಯಂ ಅಂದಿದ್ದರು. ಒಂದು ಪಂದ್ಯದಲ್ಲಿ ಮೇಲೆ ಹಾರಿ ಚೆಂಡು ಹಿಡಿದವನು ಇಳಿಯುವಾಗ ಇನ್ನೊಬ್ಬನ ಪಾದದ ಮೇಲೆ ಇಳಿದ. ಎಡ ಮೊಣಕಾಲು ತಿರುಚಿಕೊಂಡಿತು. ಆಪರೇಷನ್ ಕಂಪನಿಯೇ ಮಾಡಿಸಿತು. ಕರಾರು ಮಾತ್ರ ಮುಂದುವರಿಸಲಿಲ್ಲ.

ಆಮೇಲೆ ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಷ್ಟ್ರಾದ. ಈ ವರ್ಷ ಶಾಲೆಯ ಬಸ್ಸು ನಿಲ್ಲಿಸಲು ಜಾಗ ಸಾಲದೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಕಂಬ ಕಿತ್ತರು. "ಕೋರ್ಟೇ ಇಲ್ಲ, ನೀವಿದ್ದು ಏನು ಮಾಡ್ತೀರಿ ಸರ್?" ಅಂತ ಆಡಳಿತದವರು ಮರ್ಯಾದೆಯಿಂದಲೇ ಕೇಳಿದರು.

ಕಾಲು ಸರಿಹೋಗಿದೆ ಅಂತ ಅವನು ಮನೆಯಲ್ಲಿ ಹೇಳಿದ್ದ. ಹಬ್ಬಕ್ಕೆ ಬಂದಾಗೆಲ್ಲ ಕುರ್ಚಿಯ ಮೇಲೆ ಕೂರುತ್ತಿದ್ದ. ನೆಲ ಬಿಟ್ಟು ಕುರ್ಚಿ ಹಿಡಿದದ್ದನ್ನು ತಿಪ್ಪಯ್ಯ ಪಟ್ಟಣದ ಶೋಕಿ ಅಂದುಕೊಂಡಿದ್ದ.

ಊರಿಗೆ ಬಂದ ಚಿರಂಜೀವಿ ಕುಣಿ ನೋಡಿದ. ಅಂಚು ಒರೆಸಿದಷ್ಟು ನುಣುಪಾಗಿತ್ತು. ತಳಕು ಊರು ದಾಟಿದಾಗಿನಿಂದ ಬಸ್ಸಿನಲ್ಲಿ ಅವನೂ ಮಗ್ಗದ್ದೇ ಯೋಚನೆ ಮಾಡಿಕೊಂಡು ಬಂದಿದ್ದ. ಹಾಸ್ಟೆಲಿಗೆ ಹೋಗುವ ಮುಂಚೆ ಲಾಳಿ ಎಸೆಯುವುದು ಕಲಿತಿದ್ದ ಕೈ ಅದು. ಇದೂ ಆಗದಿದ್ದರೆ ತನಗೆ ಬೇರೆ ಏನೂ ಬರುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸರಿಯಾಗೈತಾ?" ಅಂದ ತಿಪ್ಪಯ್ಯ.

"ಟೈಲರ್ ಹೊಲಿದಂಗೈತೆ, ನಾಯ್ನಾ."

ಚಿರಂಜೀವಿ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಲು ಕೂತ. ಕೈ ಕೆಲಸ ಮರೆತಿರಲಿಲ್ಲ. ಬಲಗಾಲು ಹಲಗೆಯನ್ನು ಪೂರ್ತಿ ಒತ್ತುತ್ತಿತ್ತು. ಎಡಗಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಹಲಗೆ ಪೂರ್ತಿ ಇಳಿಯದಿದ್ದರೆ ಹಾಸಿನ ಉದ್ದೆಳೆಗಳು ಬಾಯಿ ಬಿಡುವುದಿಲ್ಲ. ಲಾಳಿ ಹೋಗಿ ಎಳೆಗೇ ಬಡಿಯುತ್ತದೆ. ಎಳೆ ಕಡಿಯಿತು. ತಿಪ್ಪಯ್ಯ ಬಗ್ಗಿ ಗಂಟು ಹಾಕಿದ. ಮತ್ತೆ ಕಡಿಯಿತು.

"ನಿಧಾನ. ಅಭ್ಯಾಸ ತಪ್ಪೈತೆ, ಅಷ್ಟೆ."

ಸಂಜೆಗೆ ಮೊಣಕಾಲು ಊದಿಕೊಂಡಿತು. ಚಿರಂಜೀವಿ ಪ್ಯಾಂಟಿನ ಕಾಲು ಕೆಳಗೆಳೆದು ಅದನ್ನು ಮುಚ್ಚಿದ. ಮರುದಿನ ಮತ್ತೆ ಕೂತ. ಹಲ್ಲು ಕಚ್ಚಿಕೊಂಡು ತುಳಿದ. ಎರಡು ಕೈಯಿಂದ ತೊಡೆ ಹಿಡಿದು ಒತ್ತಿ ನೋಡಿದ. ಹಾಗೆ ಒತ್ತಿದರೆ ಲಾಳಿ ಎಸೆಯಲು ಕೈಯಿರಲಿಲ್ಲ.

ವಾರ ಕಳೆದ ಮೇಲೆ, ರೇಷ್ಮೆ ಕೊಟ್ಟು ಸೀರೆ ನೇಯಿಸುವ ಸಾಹುಕಾರ ಕಲ್ಲೇಶಪ್ಪ ಬಂದ. ಮಗ್ಗದ ಮೇಲೆ ಬಗ್ಗಿ ನೇಯ್ದಷ್ಟಕ್ಕೆ ಬೆರಳಾಡಿಸಿದ. ಗಂಟುಗಳು ಬೆರಳಿಗೆ ತಾಗಿದವು.

"ಇದು ಯಾರ ಕೈ, ತಿಪ್ಪಯ್ಯ?"

"ಕೈಯಲ್ಲ ಸಾಹುಕಾರ್ರೇ, ಕಾಲು," ಅಂದ ಚಿರಂಜೀವಿ.

ಕಲ್ಲೇಶಪ್ಪ ಅವನನ್ನು ಕೆಳಗಿಂದ ಮೇಲಿನ ತನಕ ನೋಡಿದ. "ನಿನ್ನ ಫೋಟೋ ಪೇಪರಲ್ಲಿ ನೋಡಿದ್ದೆ ಕಣಪ್ಪ. ಸೀರೆ ತಗೊಳ್ಳೋ ಹೆಣ್ಮಕ್ಕಳು ಸೀರೇನೇ ನೋಡೋದು." ತಿಪ್ಪಯ್ಯನ ಕಡೆ ತಿರುಗಿದ. "ಉಳಿದಿದ್ದು ನೀನೇ ಕೂತು ಮುಗಿಸು. ಆಗಲ್ಲ ಅಂದ್ರೆ ಹಾಸು ಬಿಚ್ಚಿಕೊಡು, ನಾನು ಬೇರೆ ಮಗ್ಗ ನೋಡ್ಕೊಂತೀನಿ."

ಅವನು ಹೋದ ಮೇಲೆ ತಿಪ್ಪಯ್ಯ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಪಾದಗಳು ಹಲಗೆಗೆ ತಾಗದೆ ಗಾಳಿಯಲ್ಲಿ ಆಡಿದವು. ಜಾರಿ ಮುಂದಕ್ಕೆ ಬಂದ. ಆಗ ಕೈ ಸೀರೆಗೆ ನಿಲುಕಲಿಲ್ಲ.

ಯರ್ರಮ್ಮ ಅದನ್ನು ನೋಡಿ ಒಲೆಯ ಕಡೆಗೆ ಹೋದಳು.

ಅಗೆದು ಹಿತ್ತಲಲ್ಲಿ ಸುರಿದಿದ್ದ ಮಣ್ಣನ್ನು ಮಗನೇ ಬುಟ್ಟಿಯಲ್ಲಿ ತುಂಬಿ ತಂದ. ಕುಂಟುವುದನ್ನು ಈಗ ಮುಚ್ಚಿಡಲಿಲ್ಲ. ಕುಣಿಗೆ ಸುರಿದು, ನೀರು ಚಿಮುಕಿಸಿ, ಒನಕೆಯಿಂದ ಬಡಿದ.

"ನೋವಾಗ್ತೈತೆ ಅಂತ ಒಂದು ಮಾತು ಅನ್ನಬಾರದಿತ್ತೇನೋ?" ಅಂದ ತಿಪ್ಪಯ್ಯ.

"ಅಗೆಯೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತಾ ನಾಯ್ನಾ?"

ತಿಪ್ಪಯ್ಯ ಮತ್ತೆ ಮತ್ತೆ ಕೂತು ಕಾಲು ಇಳಿಬಿಟ್ಟ. ಚಿರಂಜೀವಿ ನೆಲಕ್ಕೆ ಬೋರಲು ಮಲಗಿ, ಅಪ್ಪನ ಹಿಮ್ಮಡಿ ಹಿಡಿದು, ಇನ್ನೂ ಎಷ್ಟು ಮಣ್ಣು ಬೇಕು ಅಂತ ನೋಡಿದ. ಹಿಮ್ಮಡಿ ಕೊರಡಿನ ಹಾಗೆ ಒಡೆದಿತ್ತು.

ಮಗ್ಗದ ಸದ್ದು ಮತ್ತೆ ಶುರುವಾಯಿತು. ಎರಡು ದಿನ ಚಿರಂಜೀವಿ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತು ಬಂದ. ಮೂರನೆಯ ದಿನ ಯರ್ರಮ್ಮ ಅವನ ಮುಖ ನೋಡದೆ ರಾಟೆಯನ್ನು ತಂದು ಬಾಗಿಲ ಹತ್ತಿರ ಇಟ್ಟಳು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ರಾಟೆ. ಮನೆಯ ಹೆಂಗಸರ, ಕಣ್ಣು ಮಂಜಾದ ಮುದುಕರ ಕೆಲಸ.

"ಕೂತು ಮಾಡೋದು," ಅಂದಳು. "ಕಾಲಿನ ಕೆಲಸ ಇಲ್ಲ."

ಅವನು ಕೂತ. ಎಡಗಾಲು ಮಡಚಲಾಗದೆ ನೀಡಿಕೊಂಡ. ಕಾಲು ಹೊಸ್ತಿಲ ಈ ಕಡೆಯಿಂದ ಆ ಕಡೆಯ ತನಕ ಬಾಗಿಲನ್ನು ಪೂರ್ತಿ ಅಡ್ಡಗಟ್ಟಿತು.

ಪಕ್ಕದ ಮನೆಯ ಕ್ಯಾತಣ್ಣ ಬೆಂಕಿಪೊಟ್ಟಣ ಕೇಳಲು ಬಂದವನು ಬಾಗಿಲಲ್ಲೇ ನಿಂತ. "ಕಾಲು ತೆಗಿಯೋ ಮಾರಾಯ. ದಾಟಿಸ್ಕೊಂಡೋನು ಎತ್ತರ ಬೆಳೆಯಲ್ಲ ಅಂತಾರೆ."

ಚಿರಂಜೀವಿ ರಾಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ದಾಟು ಮಾವ," ಅಂದ. "ಬೆಳೆದು ಸಾಕಾಗೈತೆ."