ಆಕ್ಸಿಜನ್ ಅಣ್ಣ

ವೆಲ್ಡಿಂಗ್ ಅಂಗಡಿಯವನು ಮಾಡಿದ ತಪ್ಪು ಇಷ್ಟೇ: ಕೇಳಿದವರಿಗೆ ಇಲ್ಲ ಎನ್ನಲಿಲ್ಲ. ಊರೆಲ್ಲ ಕಾಯಿಲೆ ಹಬ್ಬಿ ಆಸ್ಪತ್ರೆಗಳಲ್ಲಿ ಉಸಿರಿಗೇ ಬರ ಬಂದಿದ್ದಾಗ, ಆರೋಗ್ಯ ಇಲಾಖೆಯವರು ವ್ಯಾನು ತಂದು ಅವನ ಗೇಟಿನ ಮುಂದೆ ನಿಲ್ಲಿಸಿದರು. ಕಬ್ಬಿಣ ಕತ್ತರಿಸಲು ಇಟ್ಟುಕೊಂಡಿರುವ ಆಕ್ಸಿಜನ್ ಸಿಲಿಂಡರ್‌ಗಳನ್ನು ಕೊಟ್ಟರೆ, ಶುದ್ಧ ಮಾಡಿಸಿ ರೋಗಿಗಳಿಗೆ ತುಂಬಿಸಿಕೊಳ್ಳುತ್ತೇವೆ ಎಂದರು. ಅವನ ಹತ್ತಿರ ಇದ್ದದ್ದೇ ಎರಡು. ಎರಡನ್ನೂ ಉರುಳಿಸಿಕೊಂಡು ಬಂದು ವ್ಯಾನಿಗೆ ಏರಿಸಿದ. ಅಲ್ಲಿಗೆ ಕೆಲಸವೂ ನಿಂತಿತು, ಸಿಲಿಂಡರೂ ಹೋಯಿತು. ಹೋಗಲಿ, ಯಾರಿಗೋ ಆದೀತು ಎಂದುಕೊಂಡು ಕೈ ತೊಳೆದುಕೊಂಡು ಒಳಗೆ ಹೋದ.

ಇದನ್ನು ಎದುರಿನ ಫೋಟೋ ಸ್ಟುಡಿಯೋದವನು ನೋಡುತ್ತಿದ್ದ. ಪಾಸ್‌ಪೋರ್ಟ್ ಫೋಟೋಗೆ ಕೂತವರಿಗೂ ‘ಸ್ಮೈಲ್, ಸ್ಮೈಲ್’ ಎನ್ನುತ್ತಿದ್ದ ಚಾಳಿಗೆ ಬೀದಿಯವರು ಅವನನ್ನು ಸ್ಮೈಲ್ ಎಂದೇ ಕರೆಯುತ್ತಿದ್ದರು. ಮದುವೆಗಳೆಲ್ಲ ನಿಂತು ಕ್ಯಾಮೆರಾಕ್ಕೆ ಧೂಳು ಹಿಡಿದಿತ್ತು, ಕೈ ಕಡಿಯುತ್ತಿತ್ತು. ಪಟಪಟನೆ ನಾಲ್ಕು ಫೋಟೋ ತೆಗೆದ, ಚೆನ್ನಾಗಿ ಬಂದದ್ದನ್ನು ಫೇಸ್‌ಬುಕ್ಕಿಗೆ ಏರಿಸಿದ. ‘ಉಚಿತವಾಗಿ ಆಕ್ಸಿಜನ್ ಕೊಡುತ್ತಿರುವ ಪುಣ್ಯಾತ್ಮ! ಶೇರ್ ಮಾಡಿ, ಒಂದು ಜೀವ ಉಳಿಸಿ’ ಎಂದು ಮೇಲೆ ಬರೆದ. ಚಿತ್ರದ ಹಿನ್ನೆಲೆಯಲ್ಲಿ ಅಂಗಡಿಯ ಬೋರ್ಡು, ಬೋರ್ಡಿನ ಮೇಲೆ ಕೈಯಗಲದ ಅಂಕಿಗಳಲ್ಲಿ ಫೋನ್ ನಂಬರು.

ಮಾರನೆಯ ಬೆಳಗ್ಗೆ ವೆಲ್ಡರ್ ಹಲ್ಲುಜ್ಜುತ್ತಿರುವಾಗಲೇ ಮೊದಲ ಕರೆ ಬಂತು.

“ಅಣ್ಣಾ, ಆಕ್ಸಿಜನ್ ಕೊಡ್ತೀರಂತಲ್ಲ? ನಮ್ಮಪ್ಪನಿಗೆ ಉಸಿರು ಮೇಲಕ್ಕೆ ಕೆಳಕ್ಕೆ ಆಗ್ತಿದೆ.”

“ನನ್ನ ಹತ್ರ ಇಲ್ಲಮ್ಮ. ಇದ್ದದ್ದನ್ನ ಆಸ್ಪತ್ರೆಗೆ ಕೊಟ್ಟುಬಿಟ್ಟೆ.”

“ಇಲ್ಲ ಅನ್ನಬೇಡಿ ಅಣ್ಣ. ಎಲ್ಲಾ ಕಡೆ ಕೇಳಿ ಆಯ್ತು.”

ಬಾಯ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಅವನು ಮತ್ತೆ ಮತ್ತೆ ಹೇಳಿದ. ಆಕೆ ಅಳುತ್ತಲೇ ಫೋನಿಟ್ಟಳು. ಇಟ್ಟ ಕೂಡಲೇ ಇನ್ನೊಂದು. ಆಮೇಲೆ ಮತ್ತೊಂದು. ಕೆಲವರು ಬೇಡಿದರು, ಕೆಲವರು ಗದರಿದರು. “ಬಚ್ಚಿಟ್ಟುಕೊಂಡು ಕಾಳಸಂತೇಲಿ ಮಾರ್ತೀಯೇನೋ?” ಎಂದು ಒಬ್ಬ ಏಕವಚನಕ್ಕೇ ಇಳಿದ. ತಿಂಡಿ ತಟ್ಟೆಯಲ್ಲೇ ಆರಿಹೋಯಿತು. ಕೊನೆಗೆ ಒಬ್ಬರು ‘ಫೇಸ್‌ಬುಕ್ಕಿನಲ್ಲಿ ನಿಮ್ಮ ಅಂಗಡಿಯ ಫೋಟೋ ನೋಡಿದೆ’ ಎಂದಾಗ ಇದು ಯಾರ ಕೆಲಸ ಎಂದು ಅವನಿಗೆ ಹೊಳೆಯಿತು.

ಒಂದೇ ನೆಗೆತಕ್ಕೆ ರಸ್ತೆ ದಾಟಿ ಸ್ಟುಡಿಯೋದ ಬಾಗಿಲು ಬಡಿದ.

“ಏನಯ್ಯಾ ಇದು? ನಾನು ಯಾವಾಗ ಆಕ್ಸಿಜನ್ ಹಂಚ್ತೀನಿ ಅಂದೆ?”

ಸ್ಮೈಲ್ ಮುಖ ಅರಳಿಸಿಕೊಂಡು ಫೋನನ್ನೇ ಮುಂದೆ ಹಿಡಿದ. “ನೋಡಿ ಅಣ್ಣ, ಜನ ನಿಮ್ಮನ್ನ ದೇವರು ಅಂತಿದ್ದಾರೆ! ನನ್ನ ಯಾವ ಫೋಟೋಗೂ ಇಷ್ಟು ಲೈಕು ಬಿದ್ದಿರಲಿಲ್ಲ.”

“ನಿನ್ನ ಲೈಕಿನ ಮನೆ ಹಾಳಾಗ. ಮೊದಲು ಅದನ್ನ ತೆಗಿ.”

ಅವನ ಧ್ವನಿಗೆ ಹೆದರಿ ಸ್ಮೈಲ್ ತೆಗೆದ. ಆದರೆ ಊರು ಬಿಟ್ಟ ಕುದುರೆಗೆ ಲಾಯದ ಬಾಗಿಲು ಹಾಕಿ ಏನು ಸುಖ? ಪೋಸ್ಟು ಆಗಲೇ ವಾಟ್ಸಾಪಿಗೆ ಹಾರಿ ಗುಂಪಿನಿಂದ ಗುಂಪಿಗೆ ಸುತ್ತುತ್ತಿತ್ತು. ಫೋಟೋ ಉದುರಿಹೋಗಿ, ಬರೀ ಬರಹ ಮತ್ತು ಬೋರ್ಡಿನಿಂದ ಯಾರೋ ಇಳಿಸಿಕೊಂಡ ನಂಬರು ಉಳಿದಿತ್ತು. ದಾರಿಯಲ್ಲಿ ಯಾರೋ ‘24 ಗಂಟೆ ಸೇವೆ’ ಎಂದು ಸೇರಿಸಿದ್ದರು, ಇನ್ಯಾರೋ ‘ಮನೆಗೇ ತಲುಪಿಸುತ್ತಾರೆ’ ಎಂದು. ಸ್ಮೈಲ್ ಪಶ್ಚಾತ್ತಾಪದಿಂದ ಒಂದು ತಿದ್ದುಪಡಿ ಹಾಕಿದ: ‘ಇವರ ಬಳಿ ಸಿಲಿಂಡರ್ ಇಲ್ಲ, ದಯವಿಟ್ಟು ಕರೆ ಮಾಡಬೇಡಿ.’ ಅದನ್ನು ಯಾರೂ ಹಂಚಲಿಲ್ಲ. ಕೆಳಗೆ ಒಬ್ಬನೇ ಒಬ್ಬ ಪುಣ್ಯಾತ್ಮ ಬರೆದಿದ್ದ: ‘ನೋಡಿದ್ರಾ, ಬೇಡಿಕೆ ಜಾಸ್ತಿ ಆದ ತಕ್ಷಣ ಕೈ ಎತ್ತಿದ.’

“ಫೋನ್ ಆಫ್ ಮಾಡಿಬಿಡ್ರೀ, ಪೀಡೆ ಹೋಗುತ್ತೆ,” ಎಂದಳು ಹೆಂಡತಿ.

“ಅಕ್ಕನ ಬಗ್ಗೆ ಆಸ್ಪತ್ರೆಯಿಂದ ಫೋನ್ ಬಂದ್ರೆ?”

ಅವಳೇ ಫೋನನ್ನು ಚಾರ್ಜಿಗೆ ಸಿಕ್ಕಿಸಿದಳು. ಅವನ ಅಕ್ಕ ಹೋದ ವಾರ ಜ್ವರ ಏರಿ, ಉಸಿರು ಸಾಲದೆ ದೊಡ್ಡಾಸ್ಪತ್ರೆಗೆ ಸೇರಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ವಾರ್ಡಿನ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವಸರದಲ್ಲಿ ಅವಳ ಫೋನು ಮನೆಯಲ್ಲೇ ಉಳಿದಿತ್ತು. ದಿನಾ ಮಧ್ಯಾಹ್ನ ವಾರ್ಡಿನ ನರ್ಸು ಇದೇ ನಂಬರಿಗೆ ಕರೆ ಮಾಡಿ “ಇವತ್ತು ಪರವಾಗಿಲ್ಲ” ಎಂದೋ “ಸ್ವಲ್ಪ ಸುಸ್ತಿದೆ” ಎಂದೋ ಹೇಳುತ್ತಿದ್ದಳು. ಆ ಒಂದು ಮಾತಿನ ಮೇಲೆ ಮನೆಯವರೆಲ್ಲ ಮರುದಿನದವರೆಗೆ ಉಸಿರಾಡುತ್ತಿದ್ದರು.

ಆ ಮಧ್ಯಾಹ್ನ ನರ್ಸಿನ ಕರೆ ಬರಲಿಲ್ಲ. ಬಂದದ್ದೆಲ್ಲ ಬೇರೆಯವು. ಪ್ರತಿ ಸಲ ರಿಂಗಾದಾಗಲೂ ನರ್ಸೇ ಇರಬೇಕೆಂದು ಅವನು ಹಾರಿ ಎತ್ತುತ್ತಿದ್ದ, ಪ್ರತಿ ಸಲವೂ “ಆಕ್ಸಿಜನ್ ಇದೆಯಾ?” ಆಸ್ಪತ್ರೆಗೆ ತಾನೇ ಮಾಡಿದರೆ ಅಲ್ಲಿಯ ಲೈನೂ ಬಿಡುವಿಲ್ಲ. ನಡುವೆ ಭಾವಮೈದುನನ ಮೆಸೇಜು ಬಂತು. ಬೇರೆ ಊರಲ್ಲಿದ್ದ ಅವನು ಅದೇ ಬರಹವನ್ನು ಕಳಿಸಿ, ‘ಭಾವ, ನಿಮ್ಮ ಕಡೆಯೇ ಯಾರೋ ಇದ್ದಾರೆ. ನಿಮ್ಮ ಅಕ್ಕನಿಗೆ ಬೇಕಾದೀತು, ನಂಬರ್ ಇಟ್ಟುಕೊಳ್ಳಿ’ ಎಂದು ಕಾಳಜಿ ತೋರಿದ್ದ.

ವೆಲ್ಡರ್ ಕರೆ ಮಾಡಿ ಹರಿಹಾಯ್ದ. “ಅದು ನನ್ನ ನಂಬರು ಕಣೋ! ಓದಿ ನೋಡೋ!”

“ಅಯ್ಯೋ, ನಿಮ್ಮದು ಹೆಸರಲ್ಲಿ ಸೇವ್ ಆಗಿದೆ ಭಾವ, ನಂಬರ್ ಯಾರು ನೋಡ್ತಾರೆ?” ಎಂದ ಅವನು. ತುಸು ತಡೆದು, “ಹಾಗಾದ್ರೆ... ನಮ್ಮ ಆಫೀಸಿನವರೊಬ್ಬರಿಗೆ ಬೇಕಿತ್ತು. ಒಂದು ತೆಗೆದಿಡ್ತೀರಾ?”

ವೆಲ್ಡರ್ ಫೋನನ್ನು ಸೋಫಾದ ಮೇಲೆ ಎಸೆದ. ಅದು ಅಲ್ಲಿಯೂ ಬಡಿದುಕೊಂಡಿತು.

ರಾತ್ರಿ ಕಳೆದು ಬೆಳಗಾದರೂ ಆಸ್ಪತ್ರೆಯಿಂದ ಸುದ್ದಿಯಿಲ್ಲ. ಇನ್ನು ತಡೆಯಲಾರದೆ ಸ್ಕೂಟರು ಹತ್ತಿದ. ಲಾಕ್‌ಡೌನಿಗೆ ಹಾಕಿದ್ದ ಬ್ಯಾರಿಕೇಡಿನ ಹತ್ತಿರ ಪೊಲೀಸಿನವನು ಲಾಠಿ ಅಡ್ಡ ಹಿಡಿದ. ಪಾಸಿಲ್ಲ, ಕಾಗದವಿಲ್ಲ. ಬಯ್ಯಲು ಬಾಯಿ ತೆರೆದವನು ಸ್ಕೂಟರಿನ ಡಬ್ಬಿಯ ಮೇಲಿದ್ದ ಅಂಗಡಿಯ ಹೆಸರನ್ನು ಓದಿ ಬಾಯಿ ಮುಚ್ಚಿದ.

“ನೀವು ಆಕ್ಸಿಜನ್ ಅಣ್ಣ ಅಲ್ವಾ? ಫೇಸ್‌ಬುಕ್ಕಿನ ಫೋಟೋದಲ್ಲಿ ಇದೇ ಬೋರ್ಡು ನೋಡಿದ್ದೆ.”

“ಅಲ್ಲ ಸ್ವಾಮಿ, ಅದು ಸುಳ್ಳು—”

“ದೊಡ್ಡವರು ಯಾವಾಗಲೂ ಹೀಗೇ ಹೇಳೋದು. ಹೋಗಿ ಅಣ್ಣ, ಹೋಗಿ. ಒಂದು ನಿಮಿಷ, ಒಂದು ಸೆಲ್ಫಿ.”

ಅಕ್ಕ ಏನಾಗಿದ್ದಾಳೋ ಎಂದು ಜೀವ ಹೋಗುತ್ತಿರುವಾಗ ಅವನು ಪೊಲೀಸಿನವನ ಪಕ್ಕ ನಿಂತು, ಮಾಸ್ಕಿನೊಳಗೇ ಹಲ್ಲು ಕಡಿಯುತ್ತ ಫೋಟೋ ಕೊಟ್ಟ. ಸುಳ್ಳು ಎಂದದ್ದಕ್ಕೆ ದೊಡ್ಡವನಾದ. ಇನ್ನು ನಿಜ ಹೇಳಿ ಯಾರನ್ನು ಉದ್ಧಾರ ಮಾಡಬೇಕು?

ಆಸ್ಪತ್ರೆಯ ಗಾಜಿನ ಕಿಟಕಿಯ ಹಿಂದೆ, ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ಕು ಸುತ್ತಿಕೊಂಡ ನರ್ಸು ಕೂತಿದ್ದಳು. ಅಕ್ಕನ ಹೆಸರು ಹೇಳಿದ ಕೂಡಲೇ ಅವಳ ಹುಬ್ಬು ಮೇಲೇರಿತು.

“ನೀವೇನಾ ತಮ್ಮ? ನಿನ್ನೆಯಿಂದ ನಿಮಗೆ ಮಾಡಿ ಮಾಡಿ ಸಾಕಾಯ್ತು. ಯಾವಾಗ ನೋಡಿದ್ರೂ ಎಂಗೇಜು.”

ವೆಲ್ಡರ್ ಕಿಟಕಿಯ ಕಟ್ಟೆ ಹಿಡಿದುಕೊಂಡ. ಎಷ್ಟು ಹೊತ್ತಿಗೆ ಹೋದಳು ಎಂದು ಕೇಳಲು ಮಾಸ್ಕು ಕೆಳಗೆಳೆದ.

“ಅವರನ್ನ ಡಿಸ್ಚಾರ್ಜ್ ಮಾಡಿ ಆಯ್ತು,” ಎಂದಳು ನರ್ಸು. “ಬೆಡ್ ಬೇರೆಯವರಿಗೆ ಬೇಕಿತ್ತು. ಕರ್ಕೊಂಡು ಹೋಗೋರೇ ಇಲ್ಲ ಅಂತ ಹಿಂದಿನ ವರಾಂಡದಲ್ಲಿ ಮಲಗಿಸಿದ್ವಿ. ಬೇಗ ಹೋಗಿ, ನಮ್ಮೆಲ್ಲರಿಗೂ ಬಯ್ತಾ ಇದ್ದಾರೆ.”

ಅವನು ಓಡಿದ. ವರಾಂಡದ ಕೊನೆಯ ಬೆಂಚಿನ ಮೇಲೆ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಅಕ್ಕ ಕೂತಿದ್ದಳು. ಮುಖ ಇಳಿದು ಅರ್ಧವಾಗಿತ್ತು, ಕಣ್ಣು ಮಾತ್ರ ಕೆಂಡ.

“ಬಂದ್ಯಾ ಮಹಾರಾಯ? ಇಡೀ ರಾತ್ರಿ ಈ ಹಲಗೆ ಮೇಲೆ ಬಿದ್ದಿದ್ದೀನಿ. ಯಾರ ಜೊತೆ ಅಷ್ಟೊಂದು ಹರಟೆ ನಿನಗೆ? ಅಕ್ಕ ಸತ್ತಳೋ ಬದುಕಿದಳೋ ಅನ್ನೋ ಖಬರಾದ್ರೂ ಬೇಡ್ವಾ?”

ಬಯ್ಗುಳ ಅಷ್ಟು ಸಿಹಿ ಎಂದು ಅವನಿಗೆ ಅಂದೇ ಗೊತ್ತಾದದ್ದು. ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಗಳಗಳನೆ ಅತ್ತ. ಅಕ್ಕ ಗಾಬರಿಯಾಗಿ, “ಎದ್ದೇಳೋ, ಎಲ್ಲ ನೋಡ್ತಾರೆ. ನನಗೇನಾಗಿದೆ ಈಗ?” ಎಂದು ತಲೆ ಸವರಿದಳು. ಆಗಲೂ ಜೇಬಿನಲ್ಲಿ ಫೋನು ಕಿರುಚಿತು.

“ಎತ್ತಬೇಡ ಅಕ್ಕ, ಅದೊಂದು ದೊಡ್ಡ ಕಥೆ,” ಎನ್ನುವುದರೊಳಗೆ ಅವಳು ಅವನ ಜೇಬಿನಿಂದ ಕಸಿದು ಎತ್ತಿಯಾಗಿತ್ತು. ಆ ಕಡೆಯ ಮಾತನ್ನು ಕೇಳಿದಳು. ತಮ್ಮನ ಮುಖ ನೋಡಿದಳು; ಅವನು ‘ಯಾರೋ ಸುಳ್ಳು ಬರೆದಿದ್ದಾರೆ’ ಎಂದು ಪಿಸುಗುಟ್ಟಿದ. ಆಮೇಲೆ ನಿಧಾನವಾಗಿ, ಮಧ್ಯೆ ಮಧ್ಯೆ ಉಸಿರು ಎಳೆದುಕೊಳ್ಳುತ್ತ ಹೇಳಿದಳು: “ಇವನ ಹತ್ರ ಸಿಲಿಂಡರ್ ಇಲ್ಲಪ್ಪ, ಯಾರೋ ಸುಮ್ಮನೆ ಬರೆದಿದ್ದಾರೆ. ನಾನು ಈಗ ದೊಡ್ಡಾಸ್ಪತ್ರೆಯಿಂದಲೇ ಮಾತಾಡ್ತಿರೋದು. ಇವತ್ತು ಒಂದಿಷ್ಟು ಜನರನ್ನ ಮನೆಗೆ ಕಳಿಸ್ತಿದ್ದಾರೆ, ಬೆಡ್ ಸಿಗಬಹುದು. ಫೋನ್ ಮಾಡ್ತಾ ಕೂರಬೇಡಿ, ಯಾರೂ ಎತ್ತಲ್ಲ. ಕರ್ಕೊಂಡು ಬಂದುಬಿಡಿ.”

ಮನೆಗೆ ಬಂದ ಮೇಲೂ ಅವಳು ಫೋನು ವಾಪಸು ಕೊಡಲಿಲ್ಲ. ವಾರ್ಡಿನ ನರ್ಸಿಗೆ ಅವಳೇ ಮಾಡಿ ಎಲ್ಲಿ ಏನು ಖಾಲಿ ಇದೆ ಎಂದು ಕೇಳುತ್ತಿದ್ದಳು; ಮಂಚದ ಮೇಲೆ ದಿಂಬಿಗೆ ಒರಗಿ, ಬಂದ ಕರೆಗೆಲ್ಲ ಗೊತ್ತಿದ್ದಷ್ಟು ಹೇಳುತ್ತಿದ್ದಳು. ಕೆಲವರಿಗೆ ಜಾಗ ಸಿಕ್ಕಿತು. ಹಲವರಿಗೆ ಸಿಗಲಿಲ್ಲ. ಅಂಥ ಒಂದು ಕರೆ ಮುಗಿದ ಮೇಲೆ ಅವಳು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದ್ದಳು.

“ನೀನು ಸುಧಾರಿಸ್ಕೊಳ್ಳೋದು ಯಾವಾಗ?” ಎಂದು ವೆಲ್ಡರ್ ರೇಗುತ್ತಿದ್ದ. “ನಾನು ಮಾಡದ ಧರ್ಮಕ್ಕೆ ನಿನ್ನ ಜೀವ ತೇಯಬೇಕಾ? ಗೇಟು ಮಾಡಿಸೋರು ಫೋನ್ ಮಾಡಿದ್ರೆ ಅವರಿಗೂ ಬೆಡ್ ಹುಡುಕಿಕೊಡ್ತೀಯಾ?”

“ಬೆಳಗ್ಗೆ ಒಬ್ಬರು ಮಾಡಿದ್ರು. ಕಿಟಕಿ ಸರಳಂತೆ. ಸಿಲಿಂಡರ್ ಬಂದ ಮೇಲೆ ಮಾಡಿಕೊಡ್ತಾನೆ ಅಂದೆ.”

“ನಂಬರ್ ತಗೊಂಡ್ಯಾ?”

“ಅಯ್ಯೋ, ಮರೆತೇಹೋಯ್ತು,” ಎಂದಳು ಅಕ್ಕ. ಅವನು ತಲೆ ತಲೆ ಚಚ್ಚಿಕೊಳ್ಳುತ್ತ ಅಡುಗೆಮನೆಗೆ ಹೋಗಿ ಅವಳಿಗೆ ಬಿಸಿನೀರು ತಂದಿಟ್ಟ.